ಫಿಗಾಗೆ ತೋಡಿದ ಗುಂಡಿ

ದಾನುಶಾ,

ನೀನು ಬದುಕಿದ್ದಿದ್ದರೆ ಇವತ್ತು ನನ್ನ ಜೊತೆ ಮಾತು ಬಿಡುತ್ತಿದ್ದೆ. ಮುಂಗುಸಿಯಂಥ ಆ ನಿನ್ನ ಮುದ್ದಿನ ಫೆರೆಟ್ ಫಿಗಾ ಬೆಳಿಗ್ಗೆ ಗೂಡಿನಲ್ಲಿ ಹಳೇ ಕಾಲುಚೀಲದ ಹಾಗೆ ಬಿದ್ದಿತ್ತು. ಕರೆದೆ, ಅಲುಗಾಡಿಸಿದೆ, ಏಳಲಿಲ್ಲ. ಸತ್ತಿತು ಅಂದುಕೊಂಡು ಟವೆಲ್ಲಿನಲ್ಲಿ ಸುತ್ತಿ, ಟ್ರಾಮ್ ಹತ್ತಿ ಊರಂಚಿನ ನಮ್ಮ ತೋಟಕ್ಕೆ ಒಯ್ದು ಗುಂಡಿ ತೋಡಿದೆ.

ಪಕ್ಕದ ತೋಟದ ಯಾದ್ವಿಗಾ ಬಂದು ಟವೆಲ್ ಬಿಡಿಸಿ ನೋಡಿದಳು.

"ಅಯ್ಯೋ ಪುಣ್ಯಾತ್ಮ, ಉಸಿರಾಡ್ತಿದೆ ಕಣ್ರೀ! ಇವು ನಿದ್ದೆ ಮಾಡೋದೇ ಹೆಣದ ಥರ. ನಿಮ್ಮ ಹೆಂಡ್ತಿ ದಾನುಶಾ ಹೇಳಿರ್ಲಿಲ್ವಾ?"

ಹೇಳಿದ್ದೆಯೋ ಏನೋ. ಫೆರೆಟ್ ಸಾಕುವ ಇಂಗ್ಲಿಷ್ ಪುಸ್ತಕವನ್ನು ಓದಿ ಹೇಳು ಎಂದು ನೀನು ಕೊಟ್ಟಾಗ, ನಾನು ಕಾಲೇಜಿನ ನೆನಪಿನಲ್ಲಿ 'ಸ್ಲೀಪ್', 'ಪ್ಲೇ' ಎಂಬೆರಡು ಪದ ಗುರುತು ಹಿಡಿದು, ಎಲ್ಲ ಗೊತ್ತಾಯಿತು ಎಂದು ಮುಚ್ಚಿಟ್ಟವನು.

ಅಷ್ಟರಲ್ಲಿ ಫಿಗಾ ಆಕಳಿಸಿತು. ಟವೆಲ್ಲಿನಿಂದ ಜಾರಿ, ಬೆನ್ನು ಬಿಲ್ಲಿನಂತೆ ಬಾಗಿಸಿ, ಬಾಯಿ ತೆರೆದು, ಅಡ್ಡಡ್ಡ ಕುಪ್ಪಳಿಸುತ್ತ ನನ್ನ ಬೂಟಿಗೆ ಡಿಕ್ಕಿ ಹೊಡೆಯಿತು. ಕಚ್ಚಲು ಬಂತೆಂದು ಗುದ್ದಲಿ ಎತ್ತಿದೆ.

"ಇಳಿಸ್ರೀ ಅದನ್ನ! ನಿಮ್ಮನ್ನ ಆಟಕ್ಕೆ ಕರೀತಿದೆ. ಇಷ್ಟು ವರ್ಷ ಒಂದೇ ಮನೇಲಿದ್ದು ಅಷ್ಟೂ ಗೊತ್ತಾಗ್ಲಿಲ್ವಾ, ಜೆನೊನ್?"

ನಾನು ನಕ್ಕೆ. ಅವಳೂ ನಕ್ಕಳು. ಮುದುಕ ಪಾಪ, ಗೊತ್ತಿಲ್ಲದೆ ಹೂಳುತ್ತಿದ್ದ ಎಂದು ಈಗ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಾಳೆ. ತಿರುಗಲಿ.

ನಿನಗೆ ಮಾತ್ರ ಹೇಳುತ್ತೇನೆ. ಟ್ರಾಮಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು, ಇನ್ನು ಮನೆಯಿಂದ ಇದರ ವಾಸನೆ ಹೋಗುತ್ತದಲ್ಲ ಎಂದು ಲೆಕ್ಕ ಹಾಕುತ್ತಿದ್ದೆ. ಟವೆಲ್ ಬೆಚ್ಚಗಿದೆ ಎಂದು ನನ್ನ ತೊಡೆಗೆ ಆಗಲೇ ಗೊತ್ತಾಗಿತ್ತು.