ಮೇಯರ್ ಕೇಳಿದ ವೀಸಾ

ದೋಹಾ, ಮಾರ್ಚ್ 2008

ಮರಿಯಾಮಾ,

ನಿನಗೆ ಓದಲು ಬಾರದ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಇವತ್ತು ನಿನ್ನ ತಂಗಿ ಹವಾ ಮುಂತಜಾ ಬಡಾವಣೆಯ ನಮ್ಮ ಆಫೀಸಿಗೆ ಬಂದಿದ್ದಳು. ಹೋದ ತಿಂಗಳು ನೀನು ಜೈಲಿನಲ್ಲೇ ಜ್ವರದಿಂದ ತೀರಿಕೊಂಡೆಯಂತೆ.

ನನ್ನ ಪಕ್ಕದ ಮೇಜು ಬಿಟ್ಟು ಆಫ್ರಿಕಾಕ್ಕೆ ಮರಳಿ, ಇಪ್ಪತ್ತೊಂಬತ್ತಕ್ಕೇ ನಿನ್ನೂರಿನ ಮೇಯರ್ ಆದವಳು ನೀನು. ಸಂತೆಯ ಹೆಂಗಸರಿಗೆ ನಲ್ಲಿ ಹಾಕಿಸಿದೆ. ಆ ಸಂತೆಯ ಜಾಗವನ್ನು ಬಿಲ್ಡರುಗಳಿಗೆ ಬಿಟ್ಟುಕೊಡದಿದ್ದಕ್ಕೆ ಕೌನ್ಸಿಲ್ ನಿನ್ನನ್ನು ಇಳಿಸಿತು. "ಸುಳ್ಳು ಕೇಸು ಹಾಕಿ ನನ್ನನ್ನು ಹಿಡಿಯುತ್ತಾರೆ, ಅಶ್ವಿತಾ. ಮ್ಯಾನೇಜರಿಗೆ ಹೇಳಿ ಕಂಪನಿಯಿಂದ ಒಂದು ವೀಸಾ ಕೊಡಿಸು," ಎಂದು ನೀನು ಆಗಲೇ ನನಗೆ ಫೋನ್ ಮಾಡಿದ್ದೆ.

"ಅಕ್ಕ ನಿಮ್ಮನ್ನೇ ನಂಬಿದ್ದಳು. ಮ್ಯಾನೇಜರ್ ಏನಂದ್ರು?" ಎಂದು ಕೇಳಿದಳು ಹವಾ.

"ಅರಬ್ಬಿಯಲ್ಲಿ 'ಮಾಫಿ' ಅಂದ್ರು, ವೀಸಾ ಇಲ್ಲ ಅಂತ," ಎಂದೆ.

ನಾನು ಮ್ಯಾನೇಜರನ್ನು ಕೇಳಿಯೇ ಇರಲಿಲ್ಲ.

ಹವಾ ನನ್ನ ಕೈ ಹಿಡಿದು, "ನೀವಾದ್ರೂ ಪ್ರಯತ್ನ ಮಾಡಿದ್ರಿ," ಎಂದಳು.