ಕೋಟೆ ಮೆಟ್ಟಿಲಲ್ಲಿ ಯಮುನ

೧೫-೨-೧೯೫೩, ಭಾನುವಾರ

ಮದುವೆಯಾಗಿ ತಿಂಗಳಾಯಿತು, ಯಮುನ ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಾಳೆ. ಶಾಲೆ ಮುಗಿಸಿ ಮನೆಗೆ ಬಂದರೂ ನಾನು ಪರೀಕ್ಷೆ ನಡೆಸುವ ಮೇಷ್ಟ್ರೇ ಆಗಿಬಿಟ್ಟಿದ್ದೇನೆ. ಅದಕ್ಕೇ ಇವತ್ತು ಮಡಿಕೇರಿಯ ಮೆಟ್ಟಿಲ ದಾರಿಗಳನ್ನೆಲ್ಲ ತೋರಿಸೋಣವೆಂದು, ಕಾಗದದಲ್ಲಿ ನಕ್ಷೆ ಬರೆದುಕೊಂಡು ಅವಳೊಡನೆ ಹೊರಟೆ.

ಸಂಪಾಜೆಯ ತವರಿನಲ್ಲಿ ಕಲಿತಂತೆ ಅವಳು ಗಂಡನಿಗಿಂತ ನಾಲ್ಕು ಮೆಟ್ಟಿಲು ಹಿಂದೆ. ಕೋಟೆಯ ಕೆಳಗೆ ಇಳಿಯುತ್ತ ರಾಜರ ಕಾಲದ ಕಥೆಯನ್ನು ಸೊಗಸಾಗಿ ಹೇಳಿ ಮುಗಿಸಿ ತಿರುಗಿದರೆ, ಹಿಂದೆ ಸೌದೆ ಹೊತ್ತ ಮುದುಕ! "ಕಥೆ ಚೆನ್ನಾಗಿತ್ತು ಸಾಮಿ, ಈಗ ದಾರಿ ಬಿಡಿ," ಎಂದ.

ಮತ್ತೆ ಹತ್ತಿ ಹೋಗಿ ನೋಡಿದರೆ ಯಮುನ ಮೇಲೆಯೇ ಕುಳಿತಿದ್ದಳು. ನಾನು ಕೊಡಿಸಿದ ಹೊಸ ಚಪ್ಪಲಿ ಕಚ್ಚಿ ಹಿಮ್ಮಡಿಯಲ್ಲಿ ರಕ್ತ.

"ಹೇಳಬಾರದಿತ್ತಾ?"

"ನೀವು ಆಸೆಲಿ ತಂದದ್ದ್ ಅಲಾ," ಎಂದಳು ತನ್ನ ತವರಿನ ಅರೆಭಾಷೆಯಲ್ಲಿ.

ನಕ್ಷೆಯನ್ನು ಮಡಚಿ ಜೇಬಿಗೆ ಹಾಕಿದೆ.

ಚಪ್ಪಲಿಯನ್ನು ಕೈಗೆತ್ತಿಕೊಂಡು, ಅವಳನ್ನು ಮುಂದೆ ಬಿಟ್ಟು, ಮನೆಯ ಕಡೆ ಹತ್ತತೊಡಗಿದೆ. ಪಕ್ಕದ ಮನೆಯ ಮಾಯಿಲಪ್ಪ ಎದುರಾದ. "ಎಂತ ಮಾಷ್ಟ್ರೇ, ಭರತನ ವೇಷವಾ?"

ನಾನು ಬಾಯಿ ತೆರೆಯುವ ಮೊದಲೇ ಯಮುನ ಹೇಳಿದಳು: "ಭರತ ತಲೇಲಿ ಹೊತ್ತದ್ದಲಾ ಅಣ್ಣ! ಇವು ಬರೀ ಕೈಲಿ ಹಿಡ್ಕಂಡೊಳೊ."

ಕೇಳದೆಯೇ ಆಡಿದ ಮೊದಲ ಮಾತು! ಮಾಯಿಲಪ್ಪ ನೋಡುತ್ತಿದ್ದಂತೆಯೇ ಚಪ್ಪಲಿಯನ್ನು ತಲೆಗೇರಿಸಿದೆ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು, ಆಮೇಲೆ ಸೆರಗೂ ಸಾಲದೆ ಮೆಟ್ಟಿಲ ಮೇಲೆ ಕುಳಿತು ನಕ್ಕಳು. ನಾನು ಪಕ್ಕದಲ್ಲೇ ಕುಳಿತೆ. ಅವಳು ಸರಿಯಲಿಲ್ಲ.

ಆ ನಗು ಹೇಗಿತ್ತೆಂದು ಬರೆಯಲೆಂದೇ ದೀಪ ಹಚ್ಚಿದ್ದು. ನಿದ್ದೆಗೆ ಕಣ್ಣು ಎಳೆಯುತ್ತಿದೆ. ಅದು ಹೇಗಿತ್ತೆಂದರೆ…