ದವಡೆಯಲ್ಲಿ ನಿಲ್ಲದ ತಿರುಪು

ಕುಶನ್ ಅಂಗಡಿಯ ಹಿಂದಿನ ಕೋಣೆ,
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ತಮ್ಮನಿಗೆ,

ಹೇಗಿದ್ದೀಯ? ಸೊಂಟದ ನೋವು ಈಗ ಹೇಗಿದೆ? ಕಾರ್ಖಾನೆಯಲ್ಲಿ ದಿನವಿಡೀ ನಿಂತೇ ಕೆಲಸ ಎಂದಿದ್ದೆ, ಸಂಜೆ ಬಂದು ಕಾಲನ್ನು ಬಿಸಿನೀರಿನಲ್ಲಿ ಇಡುತ್ತೀಯೋ ಇಲ್ಲವೋ. ಊಟ ಹೊತ್ತುಹೊತ್ತಿಗೆ ಮಾಡು. ಕಾಗದದಲ್ಲಿ ಮೊದಲು ಕ್ಷೇಮ ಕೇಳಬೇಕು ಎಂದು ಅಮ್ಮ ಕಲಿಸಿದ್ದಳು, ಅದಕ್ಕೆ ಕೇಳಿದೆ. ಕೇಳಿಯಾಯಿತು. ಇನ್ನು ನನಗೆ ನಿನ್ನ ಮೇಲೆ ಬಂದಿರುವ ಸಿಟ್ಟನ್ನು ಬರೆಯುತ್ತೇನೆ, ಎಲ್ಲಾದರೂ ಕೂತು ಓದು. ಫೋನಿನಲ್ಲೇ ಬೈಯಬಹುದಿತ್ತು. ಆದರೆ ಬಾಯಲ್ಲಿ ಹೊಲಿಗೆ ಇದೆ, ಮಾತು ಕಡಿಮೆ ಮಾಡಿ ಎಂದು ಹಲ್ಲಿನ ಡಾಕ್ಟರಮ್ಮನ ಅಪ್ಪಣೆಯಾಗಿದೆ. ಬದುಕಿಕೊಂಡೆ ಎಂದುಕೊಳ್ಳಬೇಡ. ಹೊಲಿಗೆ ಬಾಯಿಗೆ ಹಾಕಿದ್ದಾರೆ, ಕೈಗಲ್ಲ.

ಸುದ್ದಿಯನ್ನು ಮೊದಲು ಹೇಳಿಬಿಡುತ್ತೇನೆ, ಬೈಗುಳ ಆಮೇಲೆ. ನನ್ನ ಮುಂದಿನ ಹಲ್ಲು ಕಿತ್ತ ಜಾಗದಲ್ಲಿ ಕೂರಿಸಿದ್ದ ಇಂಪ್ಲಾಂಟ್ ನಿಲ್ಲಲಿಲ್ಲ. ಮೂಳೆಯೊಳಗೆ ಹಾಕಿದ್ದ ಆ ತಿರುಪನ್ನು ಶುಕ್ರವಾರ ತೆಗೆದುಹಾಕಿದರು. ತೆಗೆಯುವುದಕ್ಕೆ ಹೆಚ್ಚು ಶ್ರಮವೂ ಬೇಕಾಗಲಿಲ್ಲ, ಹಳೇ ಕುರ್ಚಿಯ ಲಡ್ಡು ಹಿಡಿದ ಮರದಿಂದ ಮೊಳೆ ಬರುವ ಹಾಗೆ ಸಲೀಸಾಗಿ ಬಂತು. ಸ್ಟೀಲ್ ತಟ್ಟೆಗೆ ಬಿದ್ದಾಗ ಟಣ್ ಎಂದಿತು. ಬಾಯಿಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟಿದ್ದರಿಂದ ನೋವೇನೂ ಆಗಲಿಲ್ಲ. ಆ ಸದ್ದು ಮಾತ್ರ ಎರಡು ದಿನದಿಂದ ಕಿವಿಯಲ್ಲೇ ಕೂತಿದೆ.

ಈಗ ಹಿಂದಕ್ಕೆ ಹೋಗೋಣ. ನೀನು ಕಳೆದ ಸಲ ರಜೆಗೆ ಬಂದಾಗ ನನ್ನ ಹಲ್ಲು ಸೀಳಿಕೊಂಡಿತ್ತು. ಟಾರ್ಚ್ ಹಿಡಿದು ನನ್ನ ಬಾಯೊಳಗೆ ಇಣುಕಿದವನು ನೀನೇ. ನಾನು, ಅಲ್ಲಾಡುತ್ತಿಲ್ಲವಲ್ಲ, ಇರಲಿ ಬಿಡೋ ಎಂದೆ. ನೀನು ಕೇಳಬೇಕಲ್ಲ. "ಕುರ್ಚಿ ಕಾಲು ಮುರಿದ್ರೆ ಕುರ್ಚೀನ ಒಲೆಗೆ ಹಾಕ್ತೀವಾ ಅಕ್ಕ? ಹೊಸ ಕಾಲು ಹಾಕೋದಪ್ಪ" ಎಂದು ನಗುತ್ತಾ ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋದೆ. ಬಿರುಕು ಬೇರಿನವರೆಗೆ ಇಳಿದಿದೆ, ಕೀಳಲೇಬೇಕು ಎಂದರು ಡಾಕ್ಟರಮ್ಮ. ಅದರಲ್ಲಿ ನಿನ್ನ ತಪ್ಪಿಲ್ಲ, ಒಪ್ಪಿದೆ. ಆದರೆ ಹೊರಗೆ ಕಾಯುವ ಬೆಂಚಿನಲ್ಲಿ ಕೂತಿದ್ದಾಗ ನಿನಗೊಂದು ಫೋನ್ ಬಂತು, ನೆನಪಿದೆಯೋ? ನಾಟಕ ಮಂದಿರದ ಮ್ಯಾನೇಜರು. ಮಂದಿರದ ಹಳೇ ಕುರ್ಚಿಗಳಿಗೆಲ್ಲ ಹೊಸ ಕುಶನ್ ಆಗಬೇಕು ಎಂದರು. "ಆಗ್ಲಿ ಸಾರ್, ನಮ್ಮ ಕೈಯಲ್ಲೇ ಆಗುತ್ತೆ, ಕಳ್ಸಿ" ಎಂದೆ ನೀನು. ನಾನು ಪಕ್ಕದಲ್ಲೇ ಇದ್ದೆ, ಕೆನ್ನೆಗೆ ಕರವಸ್ತ್ರ ಒತ್ತಿಕೊಂಡು. ನಮ್ಮ ಕೈ ಎಂದೆಯಲ್ಲ, ಅದರಲ್ಲಿ ನಿನ್ನ ಕೈ ಯಾವುದು ಎಂದು ಆಗಲೇ ಕೇಳಬೇಕಿತ್ತು.

ಆ ಡಾಕ್ಟರಮ್ಮ ಒಳ್ಳೆಯವರು, ಅವಸರ ಇಲ್ಲ. ಎಲ್ಲವನ್ನೂ ಬಿಡಿಸಿ ಹೇಳಿದರು. ಮೊದಲು ಹಲ್ಲು ಕೀಳುವುದು, ಗಾಯ ಮಾಗಿದ ಮೇಲೆ ದವಡೆಯ ಮೂಳೆಗೆ ತಿರುಪು ಇಳಿಸುವುದು, ಮೂಳೆ ಬೆಳೆದು ಅದನ್ನು ಬಿಗಿಯಾಗಿ ಹಿಡಿದುಕೊಂಡ ಮೇಲೆ ಅದರ ತಲೆಗೆ ಹಲ್ಲು ಕೂರಿಸುವುದು. ಅಲ್ಲಿಯವರೆಗೆ ನೋಟಕ್ಕೊಂದು ತಾತ್ಕಾಲಿಕ ಹಲ್ಲು, ಅದರಿಂದ ಏನನ್ನೂ ಕಚ್ಚುವ ಹಾಗಿಲ್ಲ. ಜೀವಮಾನವೆಲ್ಲ ಮರಕ್ಕೆ ಮೊಳೆ ಹೊಡೆದವಳ ದವಡೆಗೇ ಮೊಳೆ ಎಂದು ನನಗೆ ನಗು ಬಂದಿತ್ತು. ಆಮೇಲೆ ನಾನು ಕೆಲಸ ಮಾಡುವ ರೀತಿ ಹೇಳಿದೆ. ಆ ಹೆಣ್ಣುಮಗಳು ಕೈಗವಸು ಬಿಚ್ಚಿ ಕುರ್ಚಿಗೆ ಒರಗಿಬಿಟ್ಟರು. "ಬಾಯಲ್ಲಾ? ಮೊಳೇನಾ?" ಎಂದರು. ಹೌದಮ್ಮ, ನಮ್ಮಪ್ಪ ಹೀಗೇ ಮಾಡುತ್ತಿದ್ದ, ನಾನೂ ಹೀಗೇ ಕಲಿತೆ, ಒಂದು ಕೈಯಲ್ಲಿ ಬಟ್ಟೆ ಎಳೆದು ಹಿಡಿಯಬೇಕು, ಇನ್ನೊಂದರಲ್ಲಿ ಸುತ್ತಿಗೆ, ಮೊಳೆ ಕೊಡುವುದಕ್ಕೆ ಬಾಯಿ ಬಿಟ್ಟರೆ ಇನ್ನೇನಿದೆ ಎಂದೆ. "ಹಾಗಾದ್ರೆ ಮೂಳೆ ಹಿಡ್ಕೊಳ್ಳೋವರೆಗೂ ನೀವು ಆ ಕೆಲಸಕ್ಕೆ ಕೂರಂಗಿಲ್ಲ. ಕೂರ್ತೀನಿ ಅಂದ್ರೆ ನಾನು ಇದನ್ನ ಹಾಕೋದೇ ಇಲ್ಲ" ಎಂದರು. ಆಗ ನನ್ನ ತಲೆಯ ಹಿಂದೆ ನಿಂತಿದ್ದ ನೀನು ಏನೆಂದೆ? "ನಾನಿರ್ತೀನಿ ಡಾಕ್ಟ್ರೇ. ಎರಡು ವಾರದಲ್ಲಿ ಕಾರ್ಖಾನೆ ಲೆಕ್ಕಾಚಾರ ಮುಗಿಸ್ಕೊಂಡು ಬಂದುಬಿಡ್ತೀನಿ. ಇವಳ ಕೈಗೆ ಸುತ್ತಿಗೆ ಕೊಡೋದೇ ಇಲ್ಲ." ನನಗೆ ಕಣ್ಣು ತುಂಬಿ ಬಂತು ಕಣೋ. ದೀಪದ ಬೆಳಕಿಗೆ ಎಂದುಕೊಂಡು ಡಾಕ್ಟರಮ್ಮ ಅದನ್ನು ಪಕ್ಕಕ್ಕೆ ತಿರುಗಿಸಿದರು.

ಆಮೇಲಿನದು ನಿನಗೇ ಗೊತ್ತು. ಮೊದಲು ನಿನ್ನ ಮೇಸ್ತ್ರಿಗೆ ಜ್ವರ ಬಂತು. ಅವನಿಗೆ ವಾಸಿಯಾಗುವಷ್ಟರಲ್ಲಿ ಹೊಸ ಮಾದರಿಯ ಕಾರು ಬಂತು, ಅದರ ಸೀಟು ನಿನಗೊಬ್ಬನಿಗೇ ಹೊಲಿಯಲು ಬರುತ್ತದಂತೆ. ಅದಾದ ಮೇಲೆ "ಲೈನ್ ನಿಲ್ಸೋಕಾಗಲ್ಲ ಅಕ್ಕ, ನಿಂಗೆ ಅರ್ಥ ಆಗಲ್ಲ" ಬಂತು. ಕೊನೆಗೆ ನಿನ್ನ ಬದಲು ಪಾರ್ಸಲ್ಲಿನಲ್ಲಿ ಒಂದು ಪಿನ್ನು ಹೊಡೆಯುವ ಮಿಷನ್ ಬಂತು. ಅದಕ್ಕೆ ಗಾಳಿ ತುಂಬುವ ಇನ್ನೊಂದು ಮಿಷನ್ ಬೇಕು. ಅದು ಇದ್ದರೂ ಮಂದಿರದ ಕುರ್ಚಿಗಳ ಮರ ಒಣಗಿ ಹಪ್ಪಳವಾಗಿದೆ, ಆ ಪಿನ್ನಿಗೆ ಸೀಳಿಹೋಗುತ್ತದೆ. ಅಪ್ಪನ ಮಗನಿಗೆ ಇದು ಗೊತ್ತಿಲ್ಲದೆ ಇರುತ್ತದೆಯೇ? ಮಿಷನ್ನಿನ ಡಬ್ಬದ ಮೇಲೆ ಪಕ್ಕದ ಮನೆಯ ಬೆಕ್ಕು ಮಲಗುತ್ತದೆ. ನಿನ್ನಿಂದ ಈ ಅಂಗಡಿಗೆ ಆದ ಉಪಕಾರ ಅಷ್ಟೇ.

ಅಷ್ಟರಲ್ಲಿ ನನ್ನ ದವಡೆಗೆ ತಿರುಪು ಇಳಿದಿತ್ತು, ಕುರ್ಚಿಗಳೂ ಬರತೊಡಗಿದವು. ಲಾರಿಯಿಂದ ಇಳಿಸಿ ಅಂಗಡಿ ತುಂಬಿಸಿ, ಜಾಗ ಸಾಲದೆ ನಡುಮನೆಗೂ ತಂದಿಟ್ಟರು. ನಿನ್ನ ಹೆಂಡತಿ ಪಾಪ, ಕುರ್ಚಿಗಳ ಸಂದಿಯಲ್ಲಿ ಅಡ್ಡಡ್ಡ ನಡೆದು ಅಡುಗೆಮನೆಗೆ ಹೋಗಬೇಕು. ಕವರುಗಳನ್ನೆಲ್ಲ ಅವಳೇ ಹೊಲಿದಳು, ಅಂಚು ನೂಲು ಹಿಡಿದ ಹಾಗೆ ನೆಟ್ಟಗಿದೆ. ಆದರೆ ಹೊಲಿದ ಕವರು ತಾನಾಗಿ ಹೋಗಿ ಕುರ್ಚಿಗೆ ಅಂಟಿಕೊಳ್ಳುವುದಿಲ್ಲವಲ್ಲ. ಮ್ಯಾನೇಜರು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಬಾಗಿಲಲ್ಲಿ ನಿಂತು ಅದೇ ರಾಗ ಹಾಡುತ್ತಾರೆ. "ನಿಮ್ಮ ತಮ್ಮ ಮಾತು ಕೊಟ್ಟಿದ್ದಾರಮ್ಮ. ಜನರನ್ನ ನಿಂತ್ಕೊಂಡು ನಾಟಕ ನೋಡಿ ಅನ್ನಲಾ?" ನಾನು ಏನು ಹೇಳಲಿ? ನನ್ನ ತಮ್ಮನ ಮಾತು ಗಾಳಿಗೆ ಹೋಯಿತು ಎನ್ನಲೇ? ಹೊರಗಿನವರ ಮುಂದೆ ನಿನ್ನನ್ನು ಬಿಟ್ಟುಕೊಡುವುದಕ್ಕೆ ಆಗಲಿಲ್ಲ. ಬಂದೇ ಬಿಡುತ್ತಾನೆ ಸಾರ್, ದಾರಿಯಲ್ಲಿದ್ದಾನೆ ಎಂದೆ. ಎಷ್ಟು ಉದ್ದದ ದಾರಿಯೋ ನಿನ್ನದು.

ಹಾಗಂತ ನೇರವಾಗಿ ಬಾಯಿಗೆ ಹಾಕಿಕೊಂಡೆ ಎಂದು ತಿಳಿಯಬೇಡ. ಮೊದಲು ಮೊಳೆಗಳನ್ನು ಬಟ್ಟಲಲ್ಲಿ ಇಟ್ಟುಕೊಂಡೆ. ಒಂದೊಂದಕ್ಕೂ ಬಟ್ಟೆ ಬಿಟ್ಟು ಬಗ್ಗಬೇಕು, ಅಷ್ಟರಲ್ಲಿ ಎಳೆದದ್ದು ಸಡಿಲವಾಗಿ ಸುಕ್ಕು ಬೀಳುತ್ತದೆ. ಮುಂಗೈಗೆ ಅಯಸ್ಕಾಂತ ಕಟ್ಟಿಕೊಂಡೆ. ಮೊಳೆಗಳು ಮುಳ್ಳುಹಂದಿಯ ಹಾಗೆ ಎದ್ದು ನಿಂತು, ಒಂದು ಕೇಳಿದರೆ ನಾಲ್ಕು ಬಂದವು. ನಿನ್ನ ಹೆಂಡತಿಗೆ ಬಟ್ಟೆ ಎಳೆದು ಹಿಡಿ ಎಂದೆ, ಅವಳು ಹಿಡಿದಳು, ನಾನು ಅವಳ ಬೆರಳಿಗೇ ಹೊಡೆದೆ. ಉಗುರು ಕಪ್ಪಾಗಿದೆ, ಫೋನಿನಲ್ಲಿ ಹೇಳಿರಲಾರಳು. ಇದೆಲ್ಲ ಆದ ಮೇಲೆ ಒಂದು ಬೆಳಿಗ್ಗೆ ಕುರ್ಚಿಯೊಂದನ್ನು ಮಗುಚಿ ಹಾಕಿಕೊಂಡು ಕೂತಿದ್ದೆ. ನಾಲ್ಕು ಅಂಚೂ ಬಿಗಿಯಾಗಿ, ಡೋಲಿನ ಹಾಗೆ ಬಂತು. ಎಷ್ಟು ಚೆನ್ನಾಗಿ ಆಯಿತಲ್ಲ ಎಂದು ಹೇಳಲು ಬಾಯಿ ತೆರೆದರೆ ತೊಡೆಯ ಮೇಲೆ ಮೊಳೆಗಳು ಉದುರಿದವು. ಯಾವಾಗ ಹಾಕಿಕೊಂಡೆನೋ ನನಗೇ ಗೊತ್ತಿಲ್ಲ. ನಾಲಿಗೆ ಮೊಳೆಯನ್ನು ಹೊರಳಿಸಿ ತಲೆ ಮುಂದಾಗಿ ತಂದು ಕೊಟ್ಟಿದೆ, ಹಲ್ಲು ಅದನ್ನು ಕಚ್ಚಿ ಹಿಡಿದಿದೆ, ಸುತ್ತಿಗೆಯ ಅಯಸ್ಕಾಂತದ ತುದಿ ಬಂದು ಎತ್ತಿಕೊಂಡು ಹೋಗಿದೆ. ಅವಕ್ಕೆಲ್ಲ ನನ್ನನ್ನು ಕೇಳುವ ಅಭ್ಯಾಸವೇ ಇಲ್ಲ. ಆಮೇಲೆ, ಸುಳ್ಳು ಯಾಕೆ ಹೇಳಲಿ, ಗೊತ್ತಿದ್ದೂ ಹಾಕಿಕೊಂಡೆ. ಇನ್ನೊಂದು ಕುರ್ಚಿ, ಇನ್ನೊಂದು ಕುರ್ಚಿ ಎನ್ನುತ್ತಾ.

ತೋರಿಸುವ ದಿನ, ಅದೇ ಶುಕ್ರವಾರ, ಡಾಕ್ಟರಮ್ಮ ಬೆರಳಿಟ್ಟು ಅಲ್ಲಾಡಿಸಿ ನೋಡಿದರು. ಏನು ಕಚ್ಚಿದ್ರಿ ಎಂದರು. ಏನೂ ಇಲ್ಲ, ಬ್ರೆಡ್ಡನ್ನೂ ಹಾಲಿನಲ್ಲಿ ನೆನೆಸಿ ತಿಂದೆ ಎಂದೆ. ಅವರು ತಾತ್ಕಾಲಿಕ ಹಲ್ಲನ್ನು ಬಿಚ್ಚಿ ದೀಪಕ್ಕೆ ಹಿಡಿದು ತೋರಿಸಿದರು. ಅಂಚಿನಲ್ಲಿ ಮೊಳೆಯ ಕತ್ತಿನಷ್ಟೇ ಅಗಲದ ಕಚ್ಚು, ಅಚ್ಚು ಒತ್ತಿದ ಹಾಗೆ. "ಈ ಬ್ರೆಡ್ಡಿಗೆ ಸುತ್ತಿಗೇಲಿ ಹೊಡೀತೀರಾ?" ಎಂದು ಕೇಳಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ಗಾಯ ಮಾಗ್ಲಿ, ಇನ್ನೊಂದು ಸಲ ಹಾಕೋಣ. ಆದ್ರೆ ಅಲ್ಲಿ ಮೂಳೆ ಉಳಿದಿರೋದೇ ಕಮ್ಮಿ. ಅದೂ ಹೋದ್ರೆ ಆಮೇಲೆ ನನ್ನ ಕೈಲೇನೂ ಆಗಲ್ಲಮ್ಮ. ಆ ಹೊತ್ತಿಗೆ ನಿಮ್ಮ ತಮ್ಮ ಬಂದಿರ್ತಾರಾ?" ಎಂದು ಕೇಳಿದರು. ಊರಿನವರೆಲ್ಲ ನಿನ್ನನ್ನೇ ಕೇಳುವವರು.

ಇಷ್ಟನ್ನೂ ನುಂಗಿಕೊಳ್ಳುತ್ತಿದ್ದೆ. ಆದರೆ ಶುಕ್ರವಾರ ಸಂಜೆ ನಿನ್ನ ಹೆಂಡತಿ ಅತ್ತುಕೊಂಡು ನಿನಗೆ ಫೋನ್ ಮಾಡಿದಳಲ್ಲ, ಸ್ಪೀಕರ್ ಹಾಕಿದ್ದಳು, ನಾನು ಪಕ್ಕದಲ್ಲೇ ಹತ್ತಿ ಕಚ್ಚಿಕೊಂಡು ಮಲಗಿದ್ದೆ. "ಅಯ್ಯೋ, ಒಂದು ಹಲ್ಲು ತಾನೇ, ಅಕ್ಕ ಗಟ್ಟಿ, ಹೇಗೋ ನಿಭಾಯಿಸ್ತಾಳೆ ಬಿಡು" ಎಂದೆ ನೀನು. ಮೈಯೆಲ್ಲ ಉರಿದುಹೋಯಿತು. ಅಕ್ಕ ಗಟ್ಟಿ ಎಂದು ನಿನಗೆ ಹೇಳಿದವರು ಯಾರು? ಅಪ್ಪ ಹೋದಾಗ ಗಟ್ಟಿ, ನೀನು ಕಾರ್ಖಾನೆಗೆ ಹೋಗುತ್ತೇನೆ ಎಂದಾಗ ಗಟ್ಟಿ, ಈಗ ಬಾಯಿ ಬೋಡಾದರೂ ಗಟ್ಟಿ. ಎಲ್ಲರಿಗೂ ಅನುಕೂಲವಾಗುವಷ್ಟು ಗಟ್ಟಿ. ಗಿರಾಕಿ ಬಂದರೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮಾತಾಡುತ್ತೇನೆ, ಯಾರಾದರೂ ನಗಿಸಿದರೆ ಗೋಡೆಗೆ ಮುಖ ತಿರುಗಿಸುತ್ತೇನೆ. ನೀನು ಹೇಳಿದ ‘ಒಂದು ಹಲ್ಲು ತಾನೇ’ ಹೀಗಿರುತ್ತದೆ. ಮೂವತ್ತೆರಡೂ ಇಟ್ಟುಕೊಂಡು ಅಲ್ಲಿ ಕೂತು ಹಲ್ಲು ಕಿರಿಯುವವನಿಗೆ ಇದು ತಿಳಿಯುವುದಿಲ್ಲ.

ಬೈದು ಸುಸ್ತಾಯಿತು, ಹೊಲಿಗೆ ಚುರುಗುಟ್ಟುತ್ತಿದೆ. ಬರುವುದಾದರೆ ಬಾ, ಇಲ್ಲದಿದ್ದರೆ ಬೇಡ, ನಾನು ಕಾಲು ಹಿಡಿಯುವವಳಲ್ಲ. ಬಾಯಿಯ ಇನ್ನೊಂದು ಪಕ್ಕದಿಂದ ಮೊಳೆ ಕೊಡುವುದನ್ನು ಕಲಿತುಕೊಳ್ಳುತ್ತೇನೆ. ಹೊಸ ಹಲ್ಲು ಬೇಡವೆಂದು ಡಾಕ್ಟರಮ್ಮನಿಗೆ ಹೇಳಿಬಿಡುತ್ತೇನೆ, ಅವರಿಗೂ ಒಂದು ತಲೆನೋವು ಕಳೆಯಿತು. ನಿನ್ನ ಕುರ್ಚಿಗಳು ಮುಗಿಯುತ್ತವೆ, ನಿನ್ನ ಮಾತು ಉಳಿಯುತ್ತದೆ, ನೀನು ನೆಮ್ಮದಿಯಾಗಿರು. ಸೊಂಟಕ್ಕೆ ಎಣ್ಣೆ ಹಚ್ಚಿಸಿಕೊ. ಸಿಟ್ಟಿನಲ್ಲಿ ಬರೆದರೂ ಕೊನೆಯಲ್ಲಿ ಶಾಪ ಹಾಕಲು ಕೈ ಬರುವುದಿಲ್ಲ, ಚೆನ್ನಾಗಿ ಬಾಳು, ನೂರು ವರ್ಷ ಇರು.

ಇಂತಿ,
ನಿನ್ನ ಗಟ್ಟಿ ಅಕ್ಕ

ತಾ.ಕ.: ಬರುವುದಾದರೆ ಬಾ, ಇಲ್ಲದಿದ್ದರೆ ಬೇಡ ಎಂದು ಮೇಲೆ ಬರೆದದ್ದನ್ನು ಹೊಡೆದುಹಾಕಿ ಓದು. ಕಾಗದ ಮಡಿಸಿ, ಅಂಟಿಸಲು ಗೋಂದು ಹುಡುಕಿಕೊಂಡು ಈಗಷ್ಟೇ ಅಂಗಡಿಗೆ ಹೋದೆ. ನಿನ್ನ ಹೆಂಡತಿ ನೆಲದ ಮೇಲೆ ಕುರ್ಚಿ ಮಗುಚಿಕೊಂಡು ಕೂತಿದ್ದಾಳೆ. ಕೈಯಲ್ಲಿ ಅಪ್ಪನ ಸುತ್ತಿಗೆ. ಏನೇ ಇದು ಎಂದರೆ ತಲೆ ಆಡಿಸುತ್ತಾಳೆ. ಬಾಯಿ ತುಂಬ ಮೊಳೆ. ಉಗಿಯೇ ಎಂದೆ. ಅಂಗೈಗೆ ಒಂದೊಂದಾಗಿ ಉಗಿದು, "ನೀವು ಬಾಯಿ ಮುಚ್ಕೊಂಡು ಮಲಗಿ ಅಕ್ಕ, ನಂಗೂ ಬರುತ್ತೆ. ಎಷ್ಟು ದಿನದಿಂದ ನೋಡ್ತಿದ್ದೀನಿ" ಎಂದಳು. ಅವಳನ್ನು ಎಬ್ಬಿಸಿ ಒಳಗೆ ಕಳಿಸಿ ಅಂಗಡಿಗೆ ಬೀಗ ಹಾಕಿದ್ದೇನೆ, ಬೀಗದ ಕೈ ನನ್ನ ಸೊಂಟದಲ್ಲಿದೆ. ಮ್ಯಾನೇಜರಿಗೆ ನಿನ್ನ ಕಾರ್ಖಾನೆಯ ನಂಬರು ಕೊಟ್ಟಿದ್ದೇನೆ, ಇನ್ನು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ನಿನ್ನನ್ನೇ ಕೇಳುತ್ತಾರೆ. ನನ್ನ ಹಲ್ಲಿನ ಮಾತು ಬಿಡು. ಅವಳ ಹಲ್ಲು ಎಲ್ಲವೂ ಇನ್ನೂ ನೆಟ್ಟಗಿವೆ. ಬೇಗ ಬಾ.